ಸಾವಿನ ಚುಕ್ಕಿ, ನೀರಿನ ಚುಕ್ಕಿ

ಲಂಡನ್ ನಗರದ ಆಕ್ಸ್‌ಫರ್ಡ್ ಸರ್ಕಸ್ ನಿಲ್ದಾಣದಲ್ಲಿ ನೆಲದಡಿಯ ರೈಲಿನಿಂದ ಇಳಿದು ಮೇಲೆ ಬಂದವರಿಗೆ ಮೊದಲು ಕಾಣುವುದು ಅಂಗಡಿಗಳ ಜಾತ್ರೆ. ಅಲ್ಲಿಂದ ಆಗ್ನೇಯ ದಿಕ್ಕಿಗೆ ಏಳೆಂಟು ನಿಮಿಷ ನಡೆದರೆ ಗದ್ದಲ ತಗ್ಗುತ್ತದೆ, ಬೀದಿಗಳು ಕಿರಿದಾಗುತ್ತವೆ. ಇದು ಸೋಹೊ. ಇಲ್ಲಿಯ ಬ್ರಾಡ್‌ವಿಕ್ ಸ್ಟ್ರೀಟ್‌ಗೆ ಲೆಕ್ಸಿಂಗ್ಟನ್ ಸ್ಟ್ರೀಟ್ ಬಂದು ಸೇರುವ ಮೂಲೆಯ ಬಳಿ ಹಳೆಯ ಕಾಲದ ಒಂದು ಕೈಪಂಪು ನಿಂತಿದೆ. ಅದರಲ್ಲಿ ನೀರು ಬರುವುದಿಲ್ಲ. ಬರುವಂತೆಯೂ ಇಲ್ಲ, ಏಕೆಂದರೆ ಅದಕ್ಕೆ ಹಿಡಿಯೇ ಇಲ್ಲ!

ಕೆಟ್ಟುಹೋದ ಪಂಪನ್ನು ಯಾರೂ ದುರಸ್ತಿ ಮಾಡಿಲ್ಲವೆಂದು ತಿಳಿಯಬಾರದು. ಹಿಡಿ ಇಲ್ಲದಂತೆಯೇ ಅದನ್ನು ಮಾಡಿಸಿ ನಿಲ್ಲಿಸಲಾಗಿದೆ. 1992ರಲ್ಲಿ ಇಲ್ಲಿ ಇಂಥದೊಂದು ಮಾದರಿ ಪಂಪನ್ನು ಸ್ಥಾಪಿಸಲಾಯಿತು. ಮುಂದೆ ಕಟ್ಟಡ ಕಾಮಗಾರಿಗಾಗಿ ತೆಗೆದಿಟ್ಟಿದ್ದ ಅದನ್ನು 2018ರಲ್ಲಿ ಮೂಲ ಸ್ಥಳಕ್ಕೆ ಇನ್ನಷ್ಟು ಹತ್ತಿರದಲ್ಲಿ ಮತ್ತೆ ನಿಲ್ಲಿಸಿದರು. ಪಕ್ಕದ ಮದ್ಯದಂಗಡಿಯ ಹೆಸರು ‘ಜಾನ್ ಸ್ನೋ’. ತಮ್ಮ ಬದುಕಿನ ಬಹುಕಾಲ ಮದ್ಯ ಮುಟ್ಟದಿದ್ದ ವೈದ್ಯರೊಬ್ಬರ ಹೆಸರು ಹೆಂಡದಂಗಡಿಗೆ ಅಂಟಿಕೊಂಡದ್ದು ತಮಾಷೆಯ ಸಂಗತಿ. ಆದರೆ ಆ ಹೆಸರಿನ ಹಿಂದಿರುವುದು ತಮಾಷೆಯ ಕತೆಯಲ್ಲ.

ಎರಡು ಬೇರೆ ಬೇರೆ ಪಟ್ಟಿಗಳ ಸ್ಥಳಗಳನ್ನು ಒಂದೇ ಹಾಳೆಯ ಮೇಲೆ, ಒಂದೇ ಅಳತೆಯಲ್ಲಿ ಗುರುತಿಸಿದರೆ ಏನು ಕಾಣುತ್ತದೆ ಎಂಬುದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಉದಾಹರಣೆ ಹುಟ್ಟಿದ್ದು ಈ ಬೀದಿಯಲ್ಲಿ. ಇಂದು ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗಳು ಅಕ್ಷಾಂಶ ರೇಖಾಂಶಗಳ ಪಟ್ಟಿಯನ್ನು ಚಿತ್ರವಾಗಿಸುವ ಪಾಠಕ್ಕೆ ಬಂದಾಗ ಎಷ್ಟೋ ಕಡೆ ಕೈಗೆ ಸಿಗುವುದು ಸೋಹೊದ ಅಂಕಿಗಳೇ.

ಹತ್ತು ದಿನದ ಮಾರಿ

ಬ್ರಾಡ್‌ವಿಕ್ ಸ್ಟ್ರೀಟ್ ಎಂಬ ಹೆಸರು ಬಂದದ್ದು 1936ರಲ್ಲಿ. ಅದಕ್ಕೆ ಮುಂಚೆ ಇದು ಬ್ರಾಡ್ ಸ್ಟ್ರೀಟ್. ಹತ್ತೊಂಬತ್ತನೆಯ ಶತಮಾನದ ನಡುವೆ ಇದು ಬಡವರ, ಕುಶಲಕರ್ಮಿಗಳ, ಬಾಡಿಗೆ ಕೋಣೆಗಳ ಕೇರಿ. ಒಂದೊಂದು ಮನೆಯಲ್ಲಿ ಐದಾರು ಸಂಸಾರ. ಬಹಳಷ್ಟು ಮನೆಗಳಿಗೆ ಒಳಚರಂಡಿ ಇರಲಿಲ್ಲ. ಮನೆಯ ಅಡಿಯಲ್ಲೇ ಮಲದ ಗುಂಡಿ. ಕುಡಿಯುವ ನೀರಿಗೆ ಬೀದಿಯ ಪಂಪು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ತಿಳಿಯಾಗಿದೆ, ರುಚಿಯಾಗಿದೆ ಎಂಬ ಹೆಸರಿತ್ತು. ಬೇರೆ ಪಂಪು ಹತ್ತಿರವಿದ್ದವರೂ ಕೊಡ ಹಿಡಿದು ಇಲ್ಲಿಗೇ ಬರುತ್ತಿದ್ದರು.

1854ರ ಆಗಸ್ಟ್ 31ರ ರಾತ್ರಿ ಈ ಕೇರಿಯಲ್ಲಿ ಕಾಲರಾ ಸ್ಫೋಟಗೊಂಡಿತು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ವಾಂತಿಭೇದಿಯಿಂದ ನೀರೆಲ್ಲ ಬಸಿದು ಸಂಜೆಯೊಳಗೆ ತಣ್ಣಗಾದರು. ಮೊದಲ ಮೂರು ದಿನಗಳಲ್ಲಿ ಬ್ರಾಡ್ ಸ್ಟ್ರೀಟಿನ ಆಸುಪಾಸಿನಲ್ಲೇ 127 ಮಂದಿ ಸತ್ತರು. ಸೆಪ್ಟೆಂಬರ್ 10ರ ಹೊತ್ತಿಗೆ ಸತ್ತವರ ಸಂಖ್ಯೆ 500 ದಾಟಿತು. ಒಟ್ಟು 616 ಮಂದಿ ಈ ಮಾರಿಗೆ ತುತ್ತಾದರು. ಉಳಿದವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು.

ರೋಗ ಹರಡುವುದು ಹೇಗೆಂಬ ಬಗ್ಗೆ ಆಗ ದೊಡ್ಡವರೆಲ್ಲರ ನಂಬಿಕೆ ಒಂದೇ: ಕೆಟ್ಟ ಗಾಳಿ. ಕೊಳೆತ ಕಸ, ಚರಂಡಿ, ಹೆಣಗಳಿಂದ ಏಳುವ ದುರ್ನಾತವೇ ಕಾಲರಾ ತರುತ್ತದೆ ಎಂದು ಆರೋಗ್ಯ ಮಂಡಳಿಯೂ ನಂಬಿತ್ತು. ನಂಬದವರು ಬಹಳ ಕಡಿಮೆ. ಅವರಲ್ಲಿ ಒಬ್ಬರು ಸೋಹೊದಿಂದ ಹೆಚ್ಚು ದೂರವಿಲ್ಲದ ಸ್ಯಾಕ್‌ವಿಲ್ ಸ್ಟ್ರೀಟಿನಲ್ಲಿ ವಾಸವಾಗಿದ್ದ ಡಾ. ಜಾನ್ ಸ್ನೋ.

ಕೂಲಿಯವನ ಮಗ

ಸ್ನೋ ಹುಟ್ಟಿದ್ದು 1813ರಲ್ಲಿ, ಯಾರ್ಕ್ ಪಟ್ಟಣದಲ್ಲಿ. ತಂದೆ ಕಲ್ಲಿದ್ದಲ ಅಂಗಳದಲ್ಲಿ ಕೂಲಿ. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಳೆಯ ವಯಸ್ಸಿನಲ್ಲೇ ವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿಯಲು ಸೇರಿ, ಹದಿನೆಂಟರ ಹರೆಯದಲ್ಲಿ ಕಲ್ಲಿದ್ದಲ ಗಣಿಯ ಕಾರ್ಮಿಕರ ನಡುವೆ ಕಾಲರಾವನ್ನು ಕಣ್ಣಾರೆ ಕಂಡವರು. ಲಂಡನ್ನಿಗೆ ಬಂದ ಮೇಲೆ ಅರಿವಳಿಕೆಯ ಪರಿಣತರಾಗಿ ಹೆಸರು ಮಾಡಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯ ಸಮಯದಲ್ಲಿ ಕ್ಲೋರೋಫಾರಂ ಕೊಟ್ಟವರು ಇವರೇ.

ಕಾಲರಾ ಗಾಳಿಯಿಂದಲ್ಲ, ಬಾಯಿಯ ಮೂಲಕ ಹೊಟ್ಟೆಗೆ ಹೋಗುವ ಯಾವುದೋ ವಸ್ತುವಿನಿಂದ, ಮುಖ್ಯವಾಗಿ ನೀರಿನಿಂದ ಬರುತ್ತದೆ ಎಂದು ಅವರು 1849ರಲ್ಲೇ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಮಾರಿ ತಮ್ಮ ನೆರೆಗೇ ಬಂದಾಗ ಅವರು ಜನನ ಮರಣ ನೋಂದಣಿ ಕಚೇರಿಯಿಂದ ಸತ್ತವರ ಪಟ್ಟಿ ತಂದರು. ಆ ವಾರದ ಕೊನೆಯ ಮೂರು ದಿನಗಳಲ್ಲಿ 83 ಸಾವು ದಾಖಲಾಗಿತ್ತು. ಪಟ್ಟಿ ಹಿಡಿದು ಮನೆಮನೆಗೆ ಹೋದರು.

ಅವರ ಕೈಯಲ್ಲಿದ್ದದ್ದು ಒಂದು ಪಟ್ಟಿ, ಮನಸ್ಸಿನಲ್ಲಿದ್ದದ್ದು ಇನ್ನೊಂದು. ಸತ್ತವರ ಮನೆ ಎಲ್ಲಿ ಎಂಬುದು ಮೊದಲನೆಯದು. ನೀರಿನ ಪಂಪು ಎಲ್ಲಿ ಎಂಬುದು ಎರಡನೆಯದು. 83ರಲ್ಲಿ ಹತ್ತನ್ನು ಬಿಟ್ಟು ಉಳಿದೆಲ್ಲ ಸಾವುಗಳೂ ಬ್ರಾಡ್ ಸ್ಟ್ರೀಟ್ ಪಂಪಿಗೇ ಹೆಚ್ಚು ಹತ್ತಿರವಿದ್ದ ಮನೆಗಳಲ್ಲಿ ಸಂಭವಿಸಿದ್ದವು. ಉಳಿದ ಹತ್ತರ ಗತಿ ಏನು? ಅವುಗಳನ್ನು ಕಡೆಗಣಿಸಲು ಸ್ನೋ ಸಿದ್ಧರಿರಲಿಲ್ಲ. ವಿಚಾರಿಸಿದಾಗ ಐದು ಸಂಸಾರಗಳವರು, ಬೇರೆ ಪಂಪು ಹತ್ತಿರವಿದ್ದರೂ ತಾವು ಇಲ್ಲಿಂದಲೇ ನೀರು ತರಿಸುತ್ತಿದ್ದುದಾಗಿ ಹೇಳಿದರು. ಇನ್ನು ಮೂವರು ಮಕ್ಕಳು. ಅವರ ಶಾಲೆ ಇದ್ದದ್ದು ಬ್ರಾಡ್ ಸ್ಟ್ರೀಟ್ ಪಂಪಿನ ಹತ್ತಿರ. ಇಬ್ಬರು ಆ ನೀರು ಕುಡಿದಿದ್ದು ಖಚಿತವಾಯಿತು. ಮೂರನೆಯ ಮಗುವೂ ಕುಡಿದಿರಬಹುದೆಂದು ತಂದೆತಾಯಿ ಹೇಳಿದರು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಸೇಂಟ್ ಜೇಮ್ಸ್ ವಲಯದ ಆಡಳಿತ ಮಂಡಳಿಯ ಮುಂದೆ ನಿಂತು ವಿಷಯ ತಿಳಿಸಿದರು. ಮರುದಿನ ಪಂಪಿನ ಹಿಡಿಯನ್ನು ಕಳಚಲಾಯಿತು.

ಕಪ್ಪು ಗೆರೆಗಳ ನಕ್ಷೆ

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಿಕೊಳ್ಳಬೇಕು. ಸ್ನೋ ನಕ್ಷೆ ಬರೆದರು, ನಕ್ಷೆ ನೋಡಿ ಪಂಪನ್ನು ಪತ್ತೆ ಹಚ್ಚಿದರು, ಹಿಡಿ ತೆಗೆಸಿ ಕಾಲರಾ ನಿಲ್ಲಿಸಿದರು ಎಂದು ಹಲವು ಪುಸ್ತಕಗಳು ಹೇಳುತ್ತವೆ. ನಡೆದದ್ದು ಹಾಗಲ್ಲ. ನಕ್ಷೆ ಸಿದ್ಧವಾದದ್ದು ಹಿಡಿ ತೆಗೆದ ಮೇಲೆ. ಆ ವರ್ಷದ ಡಿಸೆಂಬರಿನಲ್ಲಿ ಅವರು ಅದನ್ನು ವೈದ್ಯರ ಸಭೆಯಲ್ಲಿ ತೋರಿಸಿದರು. 1855ರಲ್ಲಿ ತಮ್ಮ ಪುಸ್ತಕದ ಎರಡನೆಯ ಆವೃತ್ತಿಯಲ್ಲಿ ಅಚ್ಚು ಮಾಡಿಸಿದರು. ಹಿಡಿ ತೆಗೆಯುವ ಹೊತ್ತಿಗಾಗಲೇ ಜನ ಓಡಿಹೋಗಿ ಸಾವಿನ ಸಂಖ್ಯೆ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಅವರೇ ಮರೆಮಾಚದೆ ಬರೆದಿದ್ದಾರೆ.

ಹಾಗಾದರೆ ನಕ್ಷೆಯಿಂದ ಏನು ಲಾಭ? ಮನೆಮನೆ ಅಲೆದು ಒಬ್ಬರು ತಿಳಿದುಕೊಂಡದ್ದನ್ನು ಉಳಿದವರೆಲ್ಲರೂ ಕುಳಿತಲ್ಲೇ ಕಾಣುವಂತೆ ಮಾಡಿದ್ದು ಅದು. ಸೋಹೊದ ಬೀದಿಗಳ ಮೇಲೆ ಪ್ರತಿ ಸಾವಿಗೂ ಆಯಾ ಮನೆಯ ಮುಂದೆ ಒಂದು ಸಣ್ಣ ಕಪ್ಪು ಗೆರೆ. ಅದೇ ಹಾಳೆಯ ಮೇಲೆ 13 ಪಂಪುಗಳ ಗುರುತು. ಗೆರೆಗಳು ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಇರುವೆಗಳಂತೆ ಮುತ್ತಿಕೊಂಡಿವೆ; ಬೇರೆ ಪಂಪುಗಳ ಕಡೆಗೆ ಹೋದಂತೆ ವಿರಳವಾಗುತ್ತವೆ.

ಪಂಪುಗಳನ್ನು ಅಳಿಸಿ ಬರೀ ಗೆರೆಗಳನ್ನು ನೋಡಿದರೆ? ಒಂದು ಕೇರಿಯಲ್ಲಿ ಬಹಳ ಜನ ಸತ್ತರು ಎಂದಷ್ಟೇ ಗೊತ್ತಾಗುತ್ತದೆ. ಕೆಟ್ಟ ಗಾಳಿಯ ಪಕ್ಷದವರೂ ಅದನ್ನು ತಮ್ಮ ಸಾಕ್ಷ್ಯವೆಂದೇ ಹೇಳಬಹುದು. ಬರೀ ಪಂಪುಗಳನ್ನು ನೋಡಿದರೆ ಅದು ನೀರು ಸರಬರಾಜಿನ ಪಟ. ಎರಡೂ ಒಂದೇ ಹಾಳೆಯ ಮೇಲೆ ಬಂದಾಗ ಮಾತ್ರ ಪ್ರಶ್ನೆಯೂ ಉತ್ತರವೂ ಒಟ್ಟಿಗೆ ಕಾಣುತ್ತವೆ.

ಯಾವ ಎರಡನೆಯ ಪಟ್ಟಿಯನ್ನು ಆರಿಸಿಕೊಳ್ಳಬೇಕು ಎಂಬುದೂ ಸಣ್ಣ ವಿಷಯವಲ್ಲ. ಸ್ನೋ ಅವರಿಗಿಂತ ಮೊದಲೇ, ಅದೇ ಸೆಪ್ಟೆಂಬರಿನಲ್ಲಿ, ಒಳಚರಂಡಿ ಆಯೋಗದ ಎಂಜಿನಿಯರ್ ಎಡ್ಮಂಡ್ ಕೂಪರ್ ಸಾವುಗಳ ನಕ್ಷೆಯೊಂದನ್ನು ತಯಾರಿಸಿದ್ದರು. 1665ರ ಪ್ಲೇಗಿನಲ್ಲಿ ಸತ್ತವರನ್ನು ಹೂತ ಗುಂಡಿಯನ್ನು ಹೊಸ ಚರಂಡಿ ತೋಡುವಾಗ ಕೆದಕಿದ್ದರಿಂದಲೇ ವಿಷಗಾಳಿ ಎದ್ದಿದೆ ಎಂದು ಜನ ಗುಲ್ಲೆಬ್ಬಿಸಿದ್ದರು. ಕೂಪರ್ ಸಾವಿನ ಮನೆಗಳ ಜೊತೆಗೆ ಚರಂಡಿಗಳನ್ನೂ ಹಳೆಯ ಪ್ಲೇಗಿನ ಗುಂಡಿಯನ್ನೂ ಗುರುತಿಸಿ, ಇವಕ್ಕೂ ಸಾವಿಗೂ ಸಂಬಂಧವಿಲ್ಲವೆಂದು ತೋರಿಸಿದರು. ಅವರ ನಕ್ಷೆಯಲ್ಲಿ ತಪ್ಪಿರಲಿಲ್ಲ. ಅವರು ಕೇಳಿದ ಪ್ರಶ್ನೆ ಚರಂಡಿಯದು, ಸಿಕ್ಕಿದ ಉತ್ತರವೂ ಚರಂಡಿಯದೇ. ಸ್ನೋ ಕೇಳಿದ್ದು ನೀರಿನ ಪ್ರಶ್ನೆ.

ಕಂಪ್ಯೂಟರಿಗೆ ಕೊಟ್ಟ ಸೋಹೊ

1992ರಲ್ಲಿ ಅಮೆರಿಕದ ರಸ್ಟಿ ಡಾಡ್ಸನ್ ಮತ್ತು ಭೂಗೋಳ ವಿಜ್ಞಾನಿ ವಾಲ್ಡೊ ಟಾಬ್ಲರ್ ಅವರು ಸ್ನೋ ನಕ್ಷೆಯನ್ನು ಅಂಕಿಗಳಾಗಿ ಪರಿವರ್ತಿಸಿದರು. ಪ್ರತಿ ಕಪ್ಪು ಗೆರೆಗೂ ಎರಡು ಸಂಖ್ಯೆ: ಅಡ್ಡಲಾಗಿ ಎಷ್ಟು, ಮೇಲಕ್ಕೆ ಎಷ್ಟು. ಹೀಗೆ 578 ಸಾವುಗಳ ಒಂದು ಪಟ್ಟಿ, 13 ಪಂಪುಗಳ ಇನ್ನೊಂದು ಪಟ್ಟಿ, ಬೀದಿಗಳ ಮತ್ತೊಂದು ಪಟ್ಟಿ ಸಿದ್ಧವಾದವು. ಅಂಕಿಅಂಶಗಳ ಕೆಲಸಕ್ಕೆ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯ ‘ಹಿಸ್ಟ್‌ಡೇಟಾ’ ಸಂಗ್ರಹದಲ್ಲಿ ಇವು ಯಾರಿಗೂ ಉಚಿತವಾಗಿ ಸಿಗುತ್ತವೆ. ಅಲ್ಲಿಂದ ತೆಗೆದು ‘ಪೈಥಾನ್’ ಭಾಷೆಯಲ್ಲೂ ಬಳಸಬಹುದು.

ಕೆಲಸ ಕಷ್ಟದ್ದಲ್ಲ. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಲು ಬರುವ ಹೈಸ್ಕೂಲು ವಿದ್ಯಾರ್ಥಿಗೆ ಇದು ಅರ್ಥವಾಗುತ್ತದೆ. ಮೊದಲು ಪ್ರೋಗ್ರಾಮಿನಲ್ಲಿ ಒಂದು ಖಾಲಿ ಚಿತ್ರವನ್ನೂ ಅದರೊಳಗೆ ಒಂದು ಜೊತೆ ಅಕ್ಷಗಳನ್ನೂ ತೆರೆಯಬೇಕು. ಆ ಅಕ್ಷಗಳಿಗೆ ಒಂದು ಹೆಸರು ಕೊಡಬೇಕು. ಆಮೇಲೆ ಆ ಹೆಸರನ್ನೇ ಹಿಡಿದು, ಚುಕ್ಕಿ ಇಡುವ ಆಜ್ಞೆಯನ್ನು ಒಂದು ಸಲ ಸಾವುಗಳ ಪಟ್ಟಿಗೆ, ಇನ್ನೊಂದು ಸಲ ಪಂಪುಗಳ ಪಟ್ಟಿಗೆ ಕೊಡಬೇಕು. ಸಾವಿಗೆ ಸಣ್ಣ ಕಪ್ಪು ಚುಕ್ಕಿ, ಪಂಪಿಗೆ ದೊಡ್ಡ ನೀಲಿ ತ್ರಿಕೋನ. ಬೀದಿಗಳಿಗೆ ಚುಕ್ಕಿಯ ಬದಲು ಗೆರೆ. ಯಾವ ಗುರುತು ಯಾವುದಕ್ಕೆ ಎಂಬ ಸೂಚಿಯನ್ನು ಮೂಲೆಯಲ್ಲಿ ಹಾಕಬೇಕು. ಚಿತ್ರವನ್ನು ಪರದೆಗೆ ತರುವ ಆಜ್ಞೆ ಎಲ್ಲಕ್ಕಿಂತ ಕೊನೆಯಲ್ಲಿ, ಒಂದೇ ಸಲ ಬರಬೇಕು. ಪ್ರತಿ ಪಟ್ಟಿಯ ನಂತರವೂ ಅದನ್ನು ಬರೆದರೆ ಎರಡೂ ಪಟ್ಟಿಗಳು ಒಂದೇ ಚಿತ್ರದಲ್ಲಿ ಬರದೆ ಹೋಗಬಹುದು. ಸ್ನೋ ಮಾಡಿದ ಕೆಲಸವೆಲ್ಲ ಅಲ್ಲಿಗೆ ವ್ಯರ್ಥ!

ಚುಕ್ಕಿ ಇಡುವ ಕ್ರಮವೂ ಮುಖ್ಯ. 578 ಚುಕ್ಕಿಗಳನ್ನು ಕೊನೆಗೆ ಇಟ್ಟರೆ ಅವು ಪಂಪಿನ ಗುರುತನ್ನು ಮುಚ್ಚಿಬಿಡಬಹುದು. ಆದ್ದರಿಂದ ಮೊದಲು ಬೀದಿ, ಅದರ ಮೇಲೆ ಸಾವು, ಎಲ್ಲಕ್ಕೂ ಮೇಲೆ ಪಂಪು. ಒಂದೇ ಮನೆಯಲ್ಲಿ ನಾಲ್ವರು ಸತ್ತಿದ್ದು ನಾಲ್ಕಕ್ಕೂ ಅದೇ ಮನೆಯ ಅಕ್ಷಾಂಶ ರೇಖಾಂಶ ಬರೆದಿದ್ದರೆ ನಾಲ್ಕೂ ಚುಕ್ಕಿ ಒಂದರ ಮೇಲೊಂದು ಕುಳಿತು ಒಂದೇ ಆಗಿ ಕಾಣುತ್ತವೆ. ಕಂಪ್ಯೂಟರ್ ನಾಲ್ಕನ್ನೂ ಇಟ್ಟಿರುತ್ತದೆ. ನೋಡುವವರಿಗೆ ಮೂರು ಸಾವು ಕಾಣುವುದೇ ಇಲ್ಲ. ಸ್ನೋ ಇದನ್ನು ಆಗಲೇ ಬಗೆಹರಿಸಿದ್ದರು. ಒಂದೇ ಮನೆಯ ಗೆರೆಗಳನ್ನು ಇಟ್ಟಿಗೆ ಜೋಡಿಸಿದಂತೆ ಒಂದರ ಪಕ್ಕ ಒಂದು ಪೇರಿಸಿದ್ದರು. ಪ್ರೋಗ್ರಾಂ ಬರೆಯುವವರು ಸಂಖ್ಯೆ ಹೆಚ್ಚಿದಂತೆ ಚುಕ್ಕಿಯ ಗಾತ್ರವನ್ನು ಹೆಚ್ಚಿಸಿ ಇದೇ ಕೆಲಸ ಮಾಡಬಹುದು.

ಸೋಹೊದಿಂದ ಹಿಂದೂ ಮಹಾಸಾಗರಕ್ಕೆ

ನಿಜವಾದ ಎಡವಟ್ಟು ಆಗುವುದು ಅಕ್ಷಾಂಶ ರೇಖಾಂಶಗಳನ್ನು ಬಳಸುವಾಗ. ಬ್ರಾಡ್‌ವಿಕ್ ಸ್ಟ್ರೀಟಿನ ಪಂಪು ಸುಮಾರು 51.513 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 0.137 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಬಾಯಲ್ಲಿ ಹೇಳುವಾಗ ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಗ್ರಾಫಿನಲ್ಲಿ ಇದು ತಿರುಗುಮುರುಗು. ಅಡ್ಡ ಅಕ್ಷಕ್ಕೆ ರೇಖಾಂಶ, ಲಂಬ ಅಕ್ಷಕ್ಕೆ ಅಕ್ಷಾಂಶ. ಒಂದು ಪಟ್ಟಿಯನ್ನು ಸರಿಯಾಗಿ ಇಟ್ಟು ಇನ್ನೊಂದನ್ನು ಅದಲುಬದಲು ಮಾಡಿದರೆ ಸೋಹೊದ ಪಂಪು ಸೊಮಾಲಿಯಾದ ಪೂರ್ವಕ್ಕೆ, ಭೂಮಧ್ಯರೇಖೆಯ ಪಕ್ಕದಲ್ಲೇ, ಹಿಂದೂ ಮಹಾಸಾಗರದ ನಡುನೀರಿಗೆ ಹೋಗಿ ಬೀಳುತ್ತದೆ!

ಇಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಸಣ್ಣ ತಪ್ಪುಗಳೇ ಹೆಚ್ಚು ಅಪಾಯಕಾರಿ. ಸೋಹೊ ಇರುವುದು ಗ್ರೀನಿಚ್ ರೇಖೆಯ ಪಶ್ಚಿಮಕ್ಕೆ. ಹಾಗಾಗಿ ಅದರ ರೇಖಾಂಶದ ಮುಂದೆ ಋಣ ಚಿಹ್ನೆ ಬೇಕು. ಕರ್ನಾಟಕದ ಊರುಗಳ ಅಂಕಿಗಳನ್ನೇ ಬಳಸಿ ಅಭ್ಯಾಸವಾದವರಿಗೆ ಆ ಚಿಹ್ನೆಯ ನೆನಪು ಬರುವುದಿಲ್ಲ, ಏಕೆಂದರೆ ಇಲ್ಲಿ ಎಲ್ಲವೂ ಉತ್ತರ, ಎಲ್ಲವೂ ಪೂರ್ವ. ಚಿಹ್ನೆ ಬಿಟ್ಟುಹೋದರೆ ಪಂಪು ಸುಮಾರು 19 ಕಿಲೋಮೀಟರ್ ಪೂರ್ವಕ್ಕೆ ಜಿಗಿದು ಥೇಮ್ಸ್ ನದಿಯ ಬಳಿಯ ಡ್ಯಾಗನಮ್ ಕಡೆಗೆ ಹೋಗುತ್ತದೆ. ಲಂಡನ್ ಒಳಗೇ ಇದೆ, ಸುತ್ತ ಬೀದಿಗಳೂ ಇವೆ. ಅವಸರದಲ್ಲಿ ನೋಡಿದವರಿಗೆ ಅನುಮಾನವೇ ಬರಲಿಕ್ಕಿಲ್ಲ.

ಇನ್ನೊಂದು ತೊಡಕು ಭೂಮಿ ಗುಂಡಗಿರುವುದರಿಂದ ಬಂದದ್ದು. ಒಂದು ಡಿಗ್ರಿ ಅಕ್ಷಾಂಶ ಎಲ್ಲಿ ಅಳೆದರೂ ಸುಮಾರು 111 ಕಿಲೋಮೀಟರ್. ರೇಖಾಂಶದ ಡಿಗ್ರಿ ಹಾಗಲ್ಲ. ಧ್ರುವದ ಕಡೆಗೆ ಹೋದಂತೆ ಕುಗ್ಗುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 108 ಕಿಲೋಮೀಟರ್. ಲಂಡನ್ನಿನಲ್ಲಿ ಬರೀ 69. ಎರಡೂ ಅಕ್ಷಗಳ ಡಿಗ್ರಿಗೆ ಒಂದೇ ಅಳತೆ ಕೊಟ್ಟು ಬರೆದರೆ ಬೆಂಗಳೂರಿನ ನಕ್ಷೆ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ, ಸೋಹೊ ಮಾತ್ರ ಅಡ್ಡಡ್ಡಲಾಗಿ ಎಳೆದಂತೆ ಕಾಣುತ್ತದೆ. ಯಾವ ಮನೆಗೆ ಯಾವ ಪಂಪು ಹತ್ತಿರ ಎಂಬುದೇ ಇಲ್ಲಿಯ ಪ್ರಶ್ನೆಯಾಗಿರುವಾಗ, ಎಳೆದ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದ ದೂರ ಸುಳ್ಳು ಹೇಳುತ್ತದೆ. ಸೋಹೊದ ಚಿತ್ರದಲ್ಲಿ ಒಂದು ಡಿಗ್ರಿ ಅಕ್ಷಾಂಶವನ್ನು ಒಂದು ಡಿಗ್ರಿ ರೇಖಾಂಶದ 1.6 ಪಟ್ಟು ಉದ್ದವಾಗಿ ತೋರಿಸಬೇಕೆಂದು ಕಂಪ್ಯೂಟರಿಗೆ ಹೇಳಿದರೆ ಇದು ಸರಿಹೋಗುತ್ತದೆ.

ಎರಡು ಪಟ್ಟಿಗಳು ಒಂದೇ ಭಾಷೆಯಲ್ಲಿವೆಯೇ ಎಂದೂ ನೋಡಬೇಕು. ಡಾಡ್ಸನ್ ಮತ್ತು ಟಾಬ್ಲರ್ ಅವರ ಪಟ್ಟಿಯಲ್ಲಿರುವುದು ಅಕ್ಷಾಂಶ ರೇಖಾಂಶಗಳಲ್ಲ. ನೂರು ಮೀಟರನ್ನು ಒಂದು ಎಂದು ಎಣಿಸುವ ನಕ್ಷೆಯದೇ ಸ್ವಂತ ಅಳತೆ. ಬ್ರಿಟನ್ನಿನ ಸರ್ವೇ ಇಲಾಖೆಯ ಚೌಕುಳಿ ಪದ್ಧತಿಯಲ್ಲಾದರೆ ಇದೇ ಜಾಗ ಪೂರ್ವಕ್ಕೆ ಸುಮಾರು 5,29,400 ಮೀಟರ್, ಉತ್ತರಕ್ಕೆ 1,81,000 ಮೀಟರ್. ಮೊಬೈಲ್ ಫೋನ್ ಹೇಳುವುದು ಡಿಗ್ರಿಗಳಲ್ಲಿ. ಪಂಪುಗಳನ್ನು ಫೋನಿನಿಂದಲೂ ಸಾವುಗಳನ್ನು ಚೌಕುಳಿ ಪಟ್ಟಿಯಿಂದಲೂ ತೆಗೆದು ಒಂದೇ ಅಕ್ಷಗಳ ಮೇಲೆ ಇಟ್ಟರೆ, ಒಂದು ಪಟ್ಟಿ ಒಂದು ಮೂಲೆಯಲ್ಲಿ, ಇನ್ನೊಂದು ಎದುರು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಾಗಿ ಕೂರುತ್ತವೆ. ಮೊದಲು ಎರಡನ್ನೂ ಒಂದೇ ಪದ್ಧತಿಗೆ ಪರಿವರ್ತಿಸಿಕೊಳ್ಳಬೇಕು.

ಎರಡೂ ಡಿಗ್ರಿಗಳಲ್ಲೇ ಇದ್ದರೂ ಸಾಲದು. ಸೋಹೊದಿಂದ ಕೆಲವೇ ಮೈಲಿ ದೂರದ ಗ್ರೀನಿಚ್ ವೀಕ್ಷಣಾಲಯಕ್ಕೆ ಹೋದ ಪ್ರವಾಸಿಗರು ಅಲ್ಲಿಯ ಪ್ರಸಿದ್ಧ ಶೂನ್ಯ ರೇಖೆಯ ಮೇಲೆ ಕಾಲಿಟ್ಟು ನಿಂತು ಫೋನ್ ನೋಡಿದರೆ, ಅದು ಸೊನ್ನೆ ತೋರಿಸುವುದಿಲ್ಲ! ಉಪಗ್ರಹಗಳ ಲೆಕ್ಕದ ಶೂನ್ಯ ರೇಖೆ ಅಲ್ಲಿಂದ 102 ಮೀಟರ್ ಪೂರ್ವಕ್ಕಿದೆ. ಹಳೆಯ ನಕ್ಷೆಗಳ ಭೂಮಿಯ ಲೆಕ್ಕವೇ ಬೇರೆ, ಉಪಗ್ರಹಗಳದೇ ಬೇರೆ. ಒಂದು ದೇಶದ ನಕ್ಷೆಯಲ್ಲಿ ನೂರು ಮೀಟರ್ ಲೆಕ್ಕಕ್ಕಿಲ್ಲ. ಸೋಹೊದಲ್ಲಿ ನೂರು ಮೀಟರ್ ಎಂದರೆ ಈ ಬೀದಿ ಹೋಗಿ ಆ ಬೀದಿ. ಸಾವುಗಳ ಪಟ್ಟಿ ಒಂದು ಲೆಕ್ಕದ್ದು, ಪಂಪುಗಳ ಪಟ್ಟಿ ಇನ್ನೊಂದು ಲೆಕ್ಕದ್ದು ಆದರೆ ಗುಂಪು ಪೂರ್ತಿಯಾಗಿ ಪಕ್ಕಕ್ಕೆ ಸರಿದು, ನಿರಪರಾಧಿ ಪಂಪಿನ ಮೇಲೆ ಆರೋಪ ಬರಬಹುದು.

ಚೌಕಟ್ಟಿನ ಹೊರಗಿನ ಚುಕ್ಕಿ

ಎಲ್ಲವನ್ನೂ ಸರಿಯಾಗಿ ಮಾಡಿ ಮುಗಿಸಿದ ಮೇಲೂ ಚಿತ್ರ ಹೇಳದ ಮಾತುಗಳು ಉಳಿಯುತ್ತವೆ. ಸೋಹೊದ ಪೋಲೆಂಡ್ ಸ್ಟ್ರೀಟಿನಲ್ಲಿ ಬಡವರ ಆಶ್ರಯಶಾಲೆ ಇತ್ತು. ಅದರ ಸುತ್ತಲಿನ ಮನೆಗಳಲ್ಲೆಲ್ಲ ಸಾವು. ಒಳಗಿದ್ದ 535 ಮಂದಿಯಲ್ಲಿ ಸತ್ತವರು ಐವರು ಮಾತ್ರ. ಆಶ್ರಯಶಾಲೆಗೆ ಸ್ವಂತ ಬಾವಿ ಇತ್ತು. ಕಂಪನಿಯ ನಲ್ಲಿ ನೀರೂ ಬರುತ್ತಿತ್ತು. ಬ್ರಾಡ್ ಸ್ಟ್ರೀಟಿನಲ್ಲೇ ಇದ್ದ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರಿಗೆ ಕುಡಿಯಲು ಕಾರ್ಖಾನೆಯ ಬಿಯರೇ ಸಿಗುತ್ತಿತ್ತು. ಕಾರ್ಖಾನೆಗೆ ಬೇರೆ ಬಾವಿಯೂ ಇತ್ತು. ಅದೇ ಬೀದಿಯ 37ನೇ ನಂಬರಿನಲ್ಲಿದ್ದ ಬಂದೂಕಿನ ಕೇಪುಗಳ ಕಾರ್ಖಾನೆಯಲ್ಲಿ ಸುಮಾರು 200 ಜನರಿಗೆಂದು ಎರಡು ತೊಟ್ಟಿಗಳಲ್ಲಿ ಪಂಪಿನ ನೀರು ತುಂಬಿಡುತ್ತಿದ್ದರು. ಅಲ್ಲಿ 18 ಮಂದಿ ಸತ್ತರು.

ನಕ್ಷೆಯಲ್ಲಿ ಬಿಯರ್ ಕಾರ್ಖಾನೆಯ ಜಾಗ ಖಾಲಿ. ಅಲ್ಲಿ ಜನರೇ ಇರಲಿಲ್ಲವೋ, ಇದ್ದೂ ಉಳಿದರೋ ಎಂಬುದನ್ನು ಖಾಲಿ ಜಾಗ ಹೇಳುವುದಿಲ್ಲ. ಅದಕ್ಕೆ ಮೂರನೆಯದೊಂದು ಪಟ್ಟಿ ಬೇಕು: ಬದುಕಿದ್ದವರು ಎಲ್ಲೆಲ್ಲಿ ಎಷ್ಟೆಷ್ಟು ಮಂದಿ ಎಂಬುದು. ಸ್ನೋ ಅದನ್ನು ಕಾಲ್ನಡಿಗೆಯಲ್ಲಿ, ಬಾಗಿಲು ತಟ್ಟಿ ಕೇಳಿ ತಿಳಿದುಕೊಂಡರು. ಯಾವ ಪ್ರೋಗ್ರಾಮೂ ಬಾಗಿಲು ತಟ್ಟುವುದಿಲ್ಲ.

ಇನ್ನೂ ವಿಚಿತ್ರವಾದ ಸಂಗತಿ ನಕ್ಷೆಯ ಹೊರಗಿತ್ತು. ಸೋಹೊದಿಂದ ಸುಮಾರು ಐದು ಕಿಲೋಮೀಟರ್ ದೂರದ ಹ್ಯಾಂಪ್‌ಸ್ಟೆಡ್ ಕಡೆಯ ವೆಸ್ಟ್ ಎಂಡ್ ಎಂಬಲ್ಲಿ 59 ವರ್ಷದ ವಿಧವೆಯೊಬ್ಬರು ಸೆಪ್ಟೆಂಬರ್ 2ರಂದು ಕಾಲರಾದಿಂದ ಸತ್ತರು. ಆ ಕಡೆ ಬೇರೆ ಯಾರಿಗೂ ರೋಗವಿರಲಿಲ್ಲ. ಸ್ನೋ ವಿಚಾರಿಸಿದರು. ಆಕೆ ಕೇಪು ಕಾರ್ಖಾನೆಯ ಮಾಲೀಕರ ತಾಯಿ. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದವರು. ಅಲ್ಲಿಯ ನೀರೇ ಬೇಕೆಂದು ಗಾಡಿಯಲ್ಲಿ ದಿನವೂ ಒಂದು ದೊಡ್ಡ ಬಾಟಲಿ ತರಿಸಿಕೊಳ್ಳುತ್ತಿದ್ದರು! ಆಗಸ್ಟ್ 31ರಂದು ಬಂದ ನೀರು ಅವರ ಪ್ರಾಣ ತೆಗೆಯಿತು. ಭೇಟಿಗೆ ಬಂದು ಅದೇ ನೀರು ಕುಡಿದು ಇಸ್ಲಿಂಗ್ಟನ್‌ಗೆ ಮರಳಿದ ಸೋದರ ಸೊಸೆಯೂ ಸತ್ತರು.

ಇವೆರಡು ಚುಕ್ಕಿಗಳು ಪ್ರೋಗ್ರಾಂ ಬರೆಯುವವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಅಕ್ಷಗಳನ್ನು ಸೋಹೊಗಷ್ಟೇ ಸೀಮಿತಗೊಳಿಸಿದರೆ ಇವು ಸದ್ದಿಲ್ಲದೆ ಚೌಕಟ್ಟಿನಾಚೆ ಬೀಳುತ್ತವೆ. ಕಂಪ್ಯೂಟರ್ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇವನ್ನೂ ಒಳಗೊಳ್ಳುವಂತೆ ಹಿಗ್ಗಿಸಿದರೆ ಇಡೀ ಸೋಹೊ ಒಂದು ಮಸಿಯ ಬೊಟ್ಟಾಗುತ್ತದೆ. ಎರಡು ಅಳತೆಯ ಎರಡು ನಕ್ಷೆ ಪಕ್ಕಪಕ್ಕದಲ್ಲಿ ಹಾಕುವುದೇ ದಾರಿ. ದೂರದ ಚುಕ್ಕಿಯನ್ನು ತಪ್ಪಿ ಬಂದದ್ದೆಂದು ಅಳಿಸಿಹಾಕುವುದು ಮಾತ್ರ ಸಲ್ಲದು. ಪಂಪಿನ ಪಕ್ಕದಲ್ಲೇ ಸತ್ತವರು ಗಾಳಿಯಿಂದ ಸತ್ತರೆಂದು ವಾದಿಸಬಹುದಿತ್ತು. ಬಾಟಲಿಯಲ್ಲಿ ಹೋದದ್ದು ಸೋಹೊದ ಗಾಳಿಯಲ್ಲ, ನೀರು. ಸ್ನೋ ಅವರ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿಯಾದದ್ದು ಈ ದೂರದ ಸಾವುಗಳೇ.

40ನೇ ನಂಬರಿನ ಮನೆ

ಆರೋಗ್ಯ ಮಂಡಳಿ ಸ್ನೋ ಅವರ ಮಾತನ್ನು ಒಪ್ಪಲಿಲ್ಲ. ಸೋಹೊದ ಸೇಂಟ್ ಲ್ಯೂಕ್ ಚರ್ಚಿನ ಯುವ ಪಾದ್ರಿ ಹೆನ್ರಿ ವೈಟ್‌ಹೆಡ್ ಕೂಡ ಮೊದಲು ನಂಬಲಿಲ್ಲ. ಪಂಪಿನ ವಾದವನ್ನು ಸುಳ್ಳೆಂದು ತೋರಿಸುವ ಉದ್ದೇಶದಿಂದಲೇ ಅವರು ಪರಿಚಿತ ಮನೆಗಳಿಗೆ ಮತ್ತೆ ಮತ್ತೆ ಹೋಗಿ ವಿಚಾರಿಸಿದರು. ವಿಚಾರಿಸಿದಷ್ಟೂ ಸ್ನೋ ಹೇಳಿದ್ದೇ ನಿಜವೆನಿಸುತ್ತ ಹೋಯಿತು.

ಕೊನೆಗೆ ಮೂಲವನ್ನು ಹುಡುಕಿಕೊಟ್ಟವರೂ ವೈಟ್‌ಹೆಡ್ ಅವರೇ. ಪಂಪಿನ ಎದುರೇ ಇದ್ದ 40ನೇ ನಂಬರಿನ ಮನೆಯಲ್ಲಿ ಎಳೆಯ ಮಗುವೊಂದಕ್ಕೆ ಉಳಿದವರಿಗಿಂತ ಮುಂಚೆಯೇ ಭೇದಿ ಹತ್ತಿತ್ತು. ತಾಯಿ ಅದರ ಬಟ್ಟೆಗಳನ್ನು ನೆನೆಸಿ, ಆ ನೀರನ್ನು ಮನೆಯ ಮುಂಭಾಗದ ಗುಂಡಿಗೆ ಸುರಿಯುತ್ತಿದ್ದರು. ಅಗೆಸಿ ನೋಡಿದಾಗ ಆ ಗುಂಡಿಗೂ ಪಂಪಿನ ಬಾವಿಗೂ ನಡುವೆ ಮೂರು ಅಡಿಯೂ ಇರಲಿಲ್ಲ. ಗುಂಡಿಯ ಇಟ್ಟಿಗೆಗಳು ಸಡಿಲಗೊಂಡು ಹೊಲಸು ಬಾವಿಗೆ ಜಿನುಗುತ್ತಿತ್ತು. ಮಗು ಸೆಪ್ಟೆಂಬರ್ 2ರಂದು ತೀರಿಕೊಂಡಿತು. ಸೆಪ್ಟೆಂಬರ್ 8ರಂದು, ಅಂದರೆ ಹಿಡಿ ಕಳಚಿದ ದಿನವೇ, ಪೊಲೀಸ್ ಪೇದೆಯಾಗಿದ್ದ ಅದರ ತಂದೆ ಅದೇ ಮನೆಯಲ್ಲಿ ಕಾಲರಾ ಬಂದು ಮಲಗಿದರು. ಹನ್ನೊಂದು ದಿನ ನರಳಿ ಸತ್ತರು. ಗುಂಡಿಗೆ ಮತ್ತೆ ಅದೇ ವಿಷ ಸೇರುತ್ತಿತ್ತು. ಹಿಡಿ ಇದ್ದಿದ್ದರೆ ಊರಿಗೆ ಮರಳಿದ ಜನ ಅದೇ ನೀರು ಕುಡಿಯುತ್ತಿದ್ದರು. ಮೊದಲನೆಯ ಅಲೆ ತಾನಾಗಿ ಇಳಿದಿದ್ದರೂ ಎರಡನೆಯದು ಏಳದಂತೆ ತಡೆದದ್ದು ಆ ಹಿಡಿಯೇ ಇರಬೇಕು.

ಸ್ನೋ 1858ರಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ರೋಬರ್ಟ್ ಕಾಕ್ ಕಲ್ಕತ್ತೆಗೆ ಬಂದು ಕಾಲರಾದ ರೋಗಾಣುವನ್ನು ಬೇರ್ಪಡಿಸಿ ಜಗತ್ತಿಗೆ ತೋರಿಸಿದ್ದು 1884ರಲ್ಲಿ. ಆ ರೋಗಾಣು ವಿಷವೊಂದನ್ನು ಸ್ರವಿಸಿ ಕರುಳಿನ ನೀರನ್ನೆಲ್ಲ ಹೊರಗೆಳೆಯುತ್ತದೆ ಎಂಬುದನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯವರೇ ಆದ ಶಂಭುನಾಥ್ ಡೇ. ರೋಗಾಣು ಯಾವುದೆಂದು ತಿಳಿಯುವುದಕ್ಕೆ ಮೂವತ್ತು ವರ್ಷ ಮೊದಲೇ ಅದು ಬರುವ ದಾರಿಯನ್ನು ಸ್ನೋ ಗುರುತಿಸಿದ್ದರು.

ಮಕ್ಕಳೊಂದಿಗೆ ಮನೆಯಲ್ಲೇ ಇಂಥ ಚಿತ್ರ ಬರೆಯಬಯಸುವ ತಂದೆತಾಯಿಗಳು ಸ್ವಂತ ಊರಿನಿಂದಲೇ ಆರಂಭಿಸಬಹುದು. ಶಾಲೆಗಳ ಒಂದು ಪಟ್ಟಿ, ಬಸ್ ನಿಲ್ದಾಣಗಳ ಇನ್ನೊಂದು ಪಟ್ಟಿ ಸಾಕು. ಯಾವ ಶಾಲೆಯ ಮಕ್ಕಳು ಹೆಚ್ಚು ನಡೆಯಬೇಕಾಗುತ್ತದೆ ಎಂಬುದು ಒಂದೇ ಚಿತ್ರದಲ್ಲಿ ಕಾಣುತ್ತದೆ. ಅಂಕಿ ಬರೆದುಕೊಳ್ಳುವಾಗ ದಶಾಂಶದ ಕಡೆ ಗಮನವಿರಲಿ: ಬಿಂದುವಿನ ನಂತರ ಮೂರು ಅಂಕಿ ಇದ್ದರೆ ಅಕ್ಷಾಂಶ ಸುಮಾರು 110 ಮೀಟರಿನಷ್ಟು ನಿಖರ, ಐದು ಇದ್ದರೆ ಸುಮಾರು ಒಂದು ಮೀಟರ್. ಶಾಲೆ, ನಿಲ್ದಾಣಗಳಿಗೆ ಐದು ಅಂಕಿ ಇರಲಿ. ರೋಗಿಗಳ ಮನೆಗಳಂಥ ಪಟ್ಟಿಯಾದರೆ ಅಷ್ಟು ನಿಖರವಾಗಿ ನಾಲ್ವರ ಮುಂದಿಡುವುದು ತರವಲ್ಲ. ಒಂದು ಮೀಟರಿನ ಚುಕ್ಕಿ ಮನೆಯ ಬಾಗಿಲನ್ನೇ ತೋರಿಸುತ್ತದೆ.

ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಲಂಡನ್ನಿನ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಜಾನ್ ಸ್ನೋ ಸಂಘದವರು ‘ಪಂಪಿನ ಹಿಡಿ ಉಪನ್ಯಾಸ’ ಏರ್ಪಡಿಸುತ್ತಾರೆ. ಅಲ್ಲಿ ಮಾದರಿ ಪಂಪೊಂದರ ಹಿಡಿಯನ್ನು ಕಳಚುವ ಶಾಸ್ತ್ರವೂ ನಡೆಯುತ್ತದೆ. ರೋಗ ಬೇರೆಯಾಗಿರಬಹುದು, ಊರು ಬೇರೆಯಾಗಿರಬಹುದು. ಕಳಚಬೇಕಾದ ಹಿಡಿ ಯಾವುದು ಎಂಬ ಪ್ರಶ್ನೆ ಮಾತ್ರ ಹಳೆಯದೇ. ಚುಕ್ಕಿ ಇಡುವ ಕೆಲಸವನ್ನು ಈಗ ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಯಾವ ಪಟ್ಟಿಯ ಪಕ್ಕದಲ್ಲಿ ಯಾವ ಪಟ್ಟಿಯನ್ನು ಇಡಬೇಕು ಎಂಬುದನ್ನು ಮನುಷ್ಯರೇ ಹೇಳಬೇಕು.